ವಂಶಾವಳಿಯಲ್ಲಿ ತಾಯಂದಿರ ಹೆಸರು

ಮನೆತನದ ಹಿರಿಯರ ವಿಷಯವನ್ನು ಕಲೆಹಾಕಿ ವಂಶವೃಕ್ಷವನ್ನು ಬರೆದಿಡುವುದು ಒಂದು ಸದಭಿರುಚಿಯ ಹವ್ಯಾಸ. ಆದರೆ ಇಂತಹ ವೃಕ್ಷಗಳನ್ನು ಗಮನಿಸಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ತಂದೆ, ಅಜ್ಜ, ಮುತ್ತಜ್ಜ ಎಂದು ಪುರುಷರ ಹೆಸರುಗಳು ಹಲವು ತಲೆಮಾರು ಮೇಲೇರುತ್ತವೆ. ತಾಯಂದಿರ ಹೆಸರುಗಳು ಅಜ್ಜಿಯ ಬಳಿಯೇ ನಿಂತುಬಿಡುತ್ತವೆ. ಈ ಕೊರತೆಯನ್ನು ತುಂಬುವ ಮಾರ್ಗವನ್ನು ನಮ್ಮ ಆದಿಕವಿಯ ಮನೆತನವೇ ತೋರಿಸಿದೆ.

ಕ್ರಿ.ಶ. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ತನ್ನ ವಂಶವನ್ನು ಹೇಳಿಕೊಂಡಿದ್ದಾನೆ. ಮಾಧವ ಸೋಮಯಾಜಿ, ಅಭಿಮಾನಚಂದ್ರ, ಕೊಮರಯ್ಯ, ಅನಂತರ ಜೈನಧರ್ಮವನ್ನು ಸ್ವೀಕರಿಸಿದ ತಂದೆ ಅಭಿರಾಮದೇವರಾಯ. ಇದು ತಂದೆಯ ಕಡೆಯ ಪರಂಪರೆ. ತಾಯಿಯ ಹೆಸರನ್ನು ನಮಗೆ ಉಳಿಸಿಕೊಟ್ಟವನು ಪಂಪನ ತಮ್ಮ ಜಿನವಲ್ಲಭ. ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಂಡೆಯ ಮೇಲೆ ಆತನು ಕನ್ನಡ, ಸಂಸ್ಕೃತ, ತೆಲುಗುಗಳಲ್ಲಿ ಬರೆಯಿಸಿದ ಶಾಸನದಲ್ಲಿ, ತಾಯಿ ಅಬ್ಬಣಬ್ಬೆ, ಆಕೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎಂದು ತಿಳಿಸಿದ್ದಾನೆ. ಒಬ್ಬ ಮಗನು ತಾಯಿಯ ಹೆಸರನ್ನೂ ತವರನ್ನೂ ನೆನೆದು ಬರೆಯಿಸಿದ್ದರಿಂದ ಸಾವಿರ ವರ್ಷಗಳಾಚೆಗೂ ಆಕೆ ಉಳಿದಳು.

ವ್ಯಾಪಾರಸ್ಥರಾದ ನಮಗೆ ಇದರ ಮಹತ್ವ ಬೇಗನೆ ತಿಳಿಯಬೇಕು. ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟ ಖಾತೆಯನ್ನು ಯಾರೂ ಲೆಕ್ಕವೆನ್ನರು. ತಂದೆಯ ಕಡೆಯನ್ನು ಮಾತ್ರ ಹೇಳುವ ವಂಶಾವಳಿಯೂ ಅಂತೆಯೇ. ಬಳಿಯನ್ನು ತಾಯಿಯಿಂದ ಎಣಿಸುವ ಅಳಿಯಸಂತಾನ ಪದ್ಧತಿಯಿದ್ದ ತುಳುನಾಡಿನ ಜೈನ ಮನೆತನಗಳಲ್ಲಿ ತಾಯಿಯ ಕಡೆಯ ನೆನಪು ವಂಶದ ಆಧಾರವೇ ಆಗಿತ್ತು. ಉಳಿದೆಡೆ ಅದನ್ನು ಹುಡುಕಿ ತೆಗೆಯಬೇಕಾಗಿದೆ.

ಹುಡುಕಿದರೆ ಆಧಾರಗಳಿಗೆ ಬರವಿಲ್ಲ. ನೋಂಪಿಯ ಉದ್ಯಾಪನೆಗೆಂದು ಮಾಡಿಸಿದ ಬಿಂಬಗಳ ಪೀಠದಲ್ಲಿ, ಶಾಸ್ತ್ರದಾನವಾಗಿ ಬರೆಯಿಸಿದ ಓಲೆಗರಿಗಳ ಕೊನೆಯಲ್ಲಿ, ಬಸದಿಗೆ ಕೊಟ್ಟ ಹಿತ್ತಾಳೆಯ ಪಾತ್ರೆ, ದೀಪಗಳ ಮೇಲೆ ಶ್ರಾವಿಕೆಯರ ಹೆಸರುಗಳು ದೊರೆಯುತ್ತವೆ. ಅಂಗಡಿಯ ಹಳೆಯ ರೋಕಡಿಗಳಲ್ಲಿ ಮದುವೆಯ ಖರ್ಚನ್ನು ಬರೆದ ಪುಟಗಳನ್ನು ನೋಡಬೇಕು. ಎಲ್ಲಕ್ಕೂ ಮೊದಲು, ಮನೆಯಲ್ಲಿರುವ ವೃದ್ಧ ಮಾತೆಯರನ್ನು ಅವರ ತವರೂರು, ಅವರ ತಾಯಿ, ತಾಯಿಯ ತಾಯಿಯ ಹೆಸರುಗಳನ್ನು ಕೇಳಿ ಬರೆದುಕೊಳ್ಳಬೇಕು. ಕಾಗದ ಇನ್ನೊಂದು ವರ್ಷ ಕಾದೀತು, ತೊಂಬತ್ತರ ವಯಸ್ಸು ಕಾಯಲಾರದು.

ಬರೆಯುವಾಗ ಸತ್ಯವ್ರತವನ್ನು ಮರೆಯಬಾರದು. ಒಂದೇ ಸಂಗತಿಯನ್ನು ಇಬ್ಬರು ಬಂಧುಗಳು ಎರಡು ಬಗೆಯಾಗಿ ಹೇಳುವುದುಂಟು. ಪಂಪನು ಅಭಿರಾಮದೇವರಾಯನೆಂದು ಕರೆದ ತಂದೆಯನ್ನು ಶಾಸನವು ಭೀಮಪಯ್ಯನೆಂದು ಕರೆಯುತ್ತದೆ. ವಿದ್ವಾಂಸರು ಎರಡನ್ನೂ ಉಳಿಸಿಕೊಂಡು, ಒಬ್ಬನೇ ವ್ಯಕ್ತಿಯ ಹೆಸರುಗಳೆಂದು ಹೊಂದಿಸಿದರು. ನಾವೂ ಯಾರು, ಯಾವಾಗ, ಏನು ಹೇಳಿದರು ಎಂಬುದನ್ನು ಬೇರೆಬೇರೆಯಾಗಿ ದಾಖಲಿಸೋಣ. ಅನೇಕಾಂತವನ್ನು ಮನೆಯಲ್ಲಿ ಅಭ್ಯಾಸ ಮಾಡಲು ಇದಕ್ಕಿಂತ ಸುಲಭ ಸಂದರ್ಭವಿಲ್ಲ. ಸಾಲ, ವ್ಯಾಜ್ಯ, ಮನೆ ಒಡೆದ ಪ್ರಸಂಗಗಳನ್ನು ಅಳಿಸುವುದೂ ಬೇಡ, ಬದುಕಿರುವವರ ಮನನೋಯುವಂತೆ ಸಾರುವುದೂ ಬೇಡ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಅಷ್ಟಮದಗಳಲ್ಲಿ ಕುಲಮದವೂ ಒಂದು. ದೊಡ್ಡ ಮನೆತನದವರೆಂದು ಬೀಗುವುದಕ್ಕಾಗಿ ವಂಶಾವಳಿಯನ್ನು ಬರೆದರೆ ಅದು ಸಮ್ಯಕ್ತ್ವಕ್ಕೆ ಮಲಿನತೆ. ಯಾರ ದುಡಿಮೆಯಿಂದ, ಯಾರ ಉಪವಾಸ ವ್ರತಗಳಿಂದ ಈ ಮನೆಯ ಸಂಸ್ಕಾರ ಉಳಿಯಿತೆಂದು ತಿಳಿಯಲು ಬರೆದರೆ ಅದು ಮಾರ್ದವವನ್ನು ಬೆಳೆಸುತ್ತದೆ.

ಬರುವ ದಶಲಕ್ಷಣ ಪರ್ವದಲ್ಲಿ ಪ್ರತಿ ಬಸದಿಯ ಆಡಳಿತ ಮಂಡಳಿಯು ಒಂದು ವಹಿಯನ್ನು ತೆರೆದು, ಊರಿನ ಪ್ರತಿಯೊಂದು ಮನೆಯಿಂದ ಮೂರು ತಲೆಮಾರಿನ ತಾಯಂದಿರ ಹೆಸರು, ತವರೂರುಗಳನ್ನು ಬರೆಯಿಸಿಕೊಳ್ಳಲಿ. ಅದರ ಒಂದು ಪ್ರತಿ ಬಸದಿಯಲ್ಲಿರಲಿ, ಇನ್ನೊಂದು ಬೇರೆ ಊರಿನಲ್ಲಿರಲಿ.