ಆಮ್ಲಜನಕ ಕಡಿಮೆಯಾದರೆ ಎದೆಬಡಿತ ಏರುವುದೇಕೆ?

ಲಡಾಖ್‌ನ ಲೇಹ್ ಪಟ್ಟಣವು ಸಮುದ್ರ ಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ದೆಹಲಿಯಿಂದ ವಿಮಾನದಲ್ಲಿ ಅಲ್ಲಿಗೆ ಬಂದಿಳಿಯುವವರಿಗೆ ಮೊದಲ ದಿನ ನಾಲ್ಕು ಮೆಟ್ಟಿಲು ಹತ್ತಿದರೂ ಎದೆ ಡವಗುಟ್ಟುತ್ತದೆ. ಇದು ಹೃದ್ರೋಗವೆಂದು ಗಾಬರಿಗೊಳ್ಳುವವರೂ ಉಂಟು. ಸಾಮಾನ್ಯವಾಗಿ ಇದು ಹೃದಯ ಕೈಕೊಟ್ಟ ಲಕ್ಷಣವಲ್ಲ, ಅದು ಹೆಚ್ಚುವರಿ ಕೆಲಸಕ್ಕೆ ಇಳಿದಿರುವ ಸೂಚನೆ.

ಎತ್ತರದ ಗಾಳಿಯಲ್ಲೂ ಆಮ್ಲಜನಕದ ಪಾಲು ಸುಮಾರು ಶೇ. 21 ಇದ್ದೇ ಇರುತ್ತದೆ. ತಗ್ಗುವುದು ಗಾಳಿಯ ಒತ್ತಡ. ಲೇಹ್‌ನಲ್ಲಿ ಅದು ಕಡಲತೀರದ ಒತ್ತಡದ ಮೂರನೇ ಎರಡು ಭಾಗದಷ್ಟು ಮಾತ್ರ. ಆದ್ದರಿಂದ ಶ್ವಾಸಕೋಶದಿಂದ ರಕ್ತಕ್ಕೆ ಸೇರುವ ಆಮ್ಲಜನಕವೂ ಕಡಿಮೆ.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸುಮಾರು 70 ಸಲ ಬಡಿದು, ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರ್‌ನಂತೆ 5 ಲೀಟರ್‌ನಷ್ಟು ರಕ್ತವನ್ನು ಹೊರದೂಡುತ್ತದೆ. ಪ್ರತಿ ಲೀಟರ್ ಹೊತ್ತೊಯ್ಯುವ ಆಮ್ಲಜನಕ ಕಡಿಮೆಯಾದಾಗ ಹೆಚ್ಚು ಲೀಟರ್ ಕಳುಹಿಸುವುದೇ ದಾರಿ. ಬಂಡಿಯಲ್ಲಿ ಹೊರೆ ಕಡಿಮೆಯಾದರೆ ಹೆಚ್ಚು ಸಲ ಓಡಾಡಬೇಕಷ್ಟೆ.

ಕೊರತೆಯನ್ನು ಮೊದಲು ಗುರುತಿಸುವುದು ಹೃದಯವಲ್ಲ, ಕುತ್ತಿಗೆ. ಮಿದುಳಿಗೆ ರಕ್ತ ಒಯ್ಯುವ ಧಮನಿ ಕವಲೊಡೆಯುವಲ್ಲಿ, ಎರಡೂ ಬದಿಗೆ, ಕ್ಯಾರಟಿಡ್ ಕಾಯಗಳೆಂಬ ಅಕ್ಕಿಕಾಳಿನಷ್ಟು ಪುಟ್ಟ ಅಂಗಗಳಿವೆ. ಇವುಗಳ ಪಾತ್ರವನ್ನು ತೋರಿಸಿಕೊಟ್ಟ ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್ ಅವರಿಗೆ 1938ರ ನೊಬೆಲ್ ಪ್ರಶಸ್ತಿ ಸಂದಿತು. ಈ ಕಾಯಗಳ ಸಂದೇಶ ಮಿದುಳಿನ ಕಾಂಡವನ್ನು ತಲುಪಿದೊಡನೆ ಉಸಿರಾಟ ಆಳವಾಗುತ್ತದೆ, ಸಿಂಪಥೆಟಿಕ್ ನರಗಳು ಚುರುಕಾಗುತ್ತವೆ, ಅಡ್ರಿನಲಿನ್ ಸ್ರವಿಸುತ್ತದೆ. ಹೃದಯದ ಗತಿಯನ್ನು ನಿರ್ಧರಿಸುವ ಸೈನಸ್ ಗಂಟು ವೇಗ ಪಡೆಯುತ್ತದೆ.

ವಿಚಿತ್ರವೆಂದರೆ, ಉಸಿರಾಟ ಹೆಚ್ಚಲು ಬಿಡದೆ ಕ್ಯಾರಟಿಡ್ ಕಾಯಗಳನ್ನಷ್ಟೇ ಪ್ರಚೋದಿಸಿದರೆ ಬಡಿತ ಏರುವುದಿಲ್ಲ, ಇಳಿಯುತ್ತದೆ! ಶ್ವಾಸಕೋಶ ಹಿಗ್ಗಿದಾಗ ಹೊರಡುವ ನರಸಂಕೇತಗಳು ಆ ಇಳಿಕೆಯನ್ನು ಮೀರಿ ಬಡಿತವನ್ನು ಏರಿಸುತ್ತವೆ. ಉಸಿರು ಬಿಗಿಹಿಡಿದು ಮುಳುಗುವ ಸೀಲ್ ಪ್ರಾಣಿಯ ಹೃದಯ ನಿಧಾನವಾಗುವುದರ ಹಿಂದೆಯೂ ಇದರ ಪಾಲಿದೆ.

ಈ ಏರಿಕೆಗೆ ಬೆಲೆಯೂ ಉಂಟು. ಹೃದಯದ ಸ್ನಾಯು ತನ್ನ ಪಾಲಿನ ರಕ್ತದ ಬಹುಭಾಗವನ್ನು ಪಡೆಯುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ವೇಗ ಹೆಚ್ಚಿದಂತೆ ಬಿಡುವು ಕಿರಿದಾಗುತ್ತದೆ. ಹೃದಯದ ರಕ್ತನಾಳಗಳು ಈಗಾಗಲೇ ಕಟ್ಟಿಕೊಂಡವರು ವೈದ್ಯರನ್ನು ಕೇಳದೆ ಎತ್ತರದ ಪ್ರವಾಸ ಕೈಗೊಳ್ಳಬಾರದು ಎನ್ನುವುದು ಇದೇ ಕಾರಣಕ್ಕೆ. ಸುಮ್ಮನೆ ಕುಳಿತಾಗಲೂ ಏದುಸಿರು, ಕೆಮ್ಮು ಇದ್ದರಂತೂ ಯಾರೇ ಆಗಲಿ ತಡಮಾಡದೆ ಕೆಳಗಿಳಿಯಬೇಕು.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರ್ ಎಲ್ಲವನ್ನೂ ಹೇಳದು. ರಕ್ತಹೀನತೆ ಇರುವವರಲ್ಲಿ ಅದು 98 ತೋರಿಸಿದರೂ ಹೃದಯ ವೇಗವಾಗಿ ಬಡಿಯುತ್ತಿರಬಹುದು. ಇರುವ ಹಿಮೋಗ್ಲೋಬಿನ್ ತುಂಬಿದೆ, ಆದರೆ ಹಿಮೋಗ್ಲೋಬಿನ್ನೇ ಸಾಲದು. ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಲ್ಲಿ ಕೊರತೆಯಿದ್ದರೂ ಬಡಿತ ಅಷ್ಟಾಗಿ ಏರದಿರಬಹುದು.

ಕೊರತೆ ತೀವ್ರವಾದರೆ ಹೃದಯವೂ ಸೋಲುತ್ತದೆ, ಬಡಿತ ಕುಸಿಯುತ್ತದೆ. ನವಜಾತ ಶಿಶುಗಳಲ್ಲಿ ಈ ಕುಸಿತ ಬಲುಬೇಗ. ಹೆರಿಗೆ ಕೊಠಡಿಯಲ್ಲಿ ಶಿಶುವಿನ ಬಡಿತ ನಿಮಿಷಕ್ಕೆ 100ಕ್ಕಿಂತ ಕೆಳಗಿದ್ದರೆ ವೈದ್ಯರು ಮಾಸ್ಕ್ ಮೂಲಕ ಶ್ವಾಸಕೋಶಕ್ಕೆ ಗಾಳಿ ತುಂಬುತ್ತಾರೆ. ಗಾಳಿ ಸರಿಯಾಗಿ ತಲುಪಿತೆಂಬುದಕ್ಕೆ ಅವರು ಮೊದಲು ನೋಡುವುದು ಬಡಿತದ ಏರಿಕೆಯನ್ನೇ.