ಪುರುಷವೇಷದ ಯೋಧೆಯರೂ ಛಾಯಾಚಿತ್ರದ ಸಾಕ್ಷ್ಯವೂ

೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ನೂರಾರು ಸ್ತ್ರೀಯರು ಪುರುಷರ ಉಡುಪನ್ನೂ ಹೆಸರನ್ನೂ ತಾಳಿ ಸೈನ್ಯವನ್ನು ಸೇರಿದ್ದರೆಂದು ಇತಿಹಾಸಕಾರರು ಹೇಳುತ್ತಾರೆ. ಆ ಕಾಲದ ಸಿಪಾಯಿಗಳ ಛಾಯಾಚಿತ್ರಗಳು ಇಂದಿಗೂ ವಿಪುಲವಾಗಿ ಉಳಿದಿವೆ. ಅವುಗಳಲ್ಲಿ ಮೀಸೆ ಮೂಡದ ಕೋಮಲ ಮುಖವೊಂದು ಕಂಡೊಡನೆ ‘ಇವಳು ಹೆಂಗಸು’ ಎಂದು ನಿರ್ಣಯಿಸುವವರುಂಟು. ಈ ನಿರ್ಣಯವು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದು ವಿಚಾರಣೀಯವಾಗಿದೆ.

ಆ ಸೈನ್ಯಗಳಲ್ಲಿ ಹದಿನೆಂಟು ತುಂಬದ ಹುಡುಗರು ಸಾವಿರಾರು ಮಂದಿಯಿದ್ದರು. ಗಡ್ಡಮೀಸೆಗಳಿಲ್ಲದಿರುವುದು ಎಳೆಯ ಪ್ರಾಯದ ಗುರುತೂ ಆಗಿರಬಹುದಷ್ಟೆ. ಅಂಗಿಯ ಗುಂಡಿಗಳು ಹೆಂಗಸರ ಉಡುಪಿನಲ್ಲಿರುವಂತೆ ಎಡಬದಿಗಿವೆಯೆಂಬ ವಾದವೂ ನಿಲ್ಲದು. ಕಬ್ಬಿಣದ ತಗಡಿನ ಮೇಲೆ ನೇರವಾಗಿ ಮೂಡಿಸುತ್ತಿದ್ದ ಅಂದಿನ ಚಿತ್ರಗಳಲ್ಲಿ, ಕನ್ನಡಿಯಲ್ಲಿರುವಂತೆ, ಎಡವು ಬಲವಾಗಿಯೂ ಬಲವು ಎಡವಾಗಿಯೂ ತೋರುತ್ತವೆ.

ಚಿತ್ರದಲ್ಲಿರುವವಳು ಹೆಂಗಸೆಂಬುದು ನಿಶ್ಚಿತವಾದರೂ ವಿಚಾರ ಮುಗಿಯದು. ಫ್ರಾನ್ಸಿಸ್ ಕ್ಲೇಟನ್ ಎಂಬಾಕೆಯ ಸೈನಿಕವೇಷದ ಚಿತ್ರಗಳು ಬಾಸ್ಟನ್ ನಗರದ ಸ್ಯಾಮ್ಯುಯೆಲ್ ಮಸೂರಿಯ ಚಿತ್ರಶಾಲೆಯಲ್ಲಿ ತೆಗೆದವು. ಈಕೆ ಪತಿಯೊಡನೆ ಕಾದಿದಳೆಂದು ೧೮೬೩ರ ವೃತ್ತಪತ್ರಿಕೆಗಳು ಬರೆದುವು. ಆದರೆ ಯಾವ ಪಡೆಯಲ್ಲಿ ಎಂಬ ವಿಷಯದಲ್ಲಿ ಅವುಗಳ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ಚಿತ್ರವು ವೇಷಕ್ಕೆ ಸಾಕ್ಷಿ, ಸೇವೆಗಲ್ಲ.

ಸಾರಾ ರೊಸೆಟ್ಟಾ ವೇಕ್‌ಮನ್‌ಳ ಸಂಗತಿ ಬೇರೆ. ೧೮೬೨ರಲ್ಲಿ ಲಯನ್ಸ್ ವೇಕ್‌ಮನ್ ಎಂಬ ಹೆಸರಿನಿಂದ ನ್ಯೂಯಾರ್ಕಿನ ೧೫೩ನೆಯ ಪಡೆಯನ್ನು ಸೇರಿದ ಈಕೆಯ ಚಿತ್ರದೊಡನೆ, ಈಕೆ ಮನೆಗೆ ಬರೆದ ಕಾಗದಗಳೂ ಉಳಿದಿವೆ. ೧೮೬೪ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ರೋಗದಿಂದ ಮಡಿದ ಈಕೆಯ ಸಮಾಧಿಯ ಮೇಲೆ ಪುರುಷನಾಮವೇ ಇದೆ. ಆ ಕಾಗದಗಳಿಲ್ಲದಿದ್ದರೆ ಚಿತ್ರವು ಮೂಕವಾಗಿಯೇ ಉಳಿಯುತ್ತಿತ್ತು.

ಇಲಿನಾಯ್ಸ್‌ನ ೯೫ನೆಯ ಪಡೆಯಲ್ಲಿ ಮೂರು ವರ್ಷ ಸೇವೆ ಸಲ್ಲಿಸಿದ ಆಲ್ಬರ್ಟ್ ಕ್ಯಾಷಿಯರ್ ಅವರು ಐರ್ಲೆಂಡಿನಲ್ಲಿ ಜೆನ್ನಿ ಹಾಜರ್ಸ್ ಎಂಬ ಹೆಸರಿನಿಂದ ಜನಿಸಿದವರು. ಯುದ್ಧಾನಂತರವೂ ಅವರು ಪುರುಷರಾಗಿಯೇ ಬಾಳಿದರು. ಮೋಟಾರಿನ ಅಪಘಾತದಿಂದ ಕಾಲು ಮುರಿದಾಗ ವೈದ್ಯರಿಗೆ ಗುಟ್ಟು ತಿಳಿಯಿತು. ಮುಂದೆ ಪಿಂಚಣಿಯ ವಿಚಾರಣೆ ನಡೆದಾಗ, ತಮ್ಮೊಡನೆ ಕಾದಿದ ಕ್ಯಾಷಿಯರ್ ಇವರೇ ಎಂದು ಹಳೆಯ ಸಂಗಡಿಗರು ಸಾಕ್ಷಿ ನುಡಿದರು. ಪಿಂಚಣಿ ನಿಲ್ಲಲಿಲ್ಲ, ೧೯೧೫ರಲ್ಲಿ ಮರಣ ಹೊಂದಿದಾಗ ಸೈನಿಕಮರ್ಯಾದೆಯೂ ಸಂದಿತು.

ಆದರೂ ೧೯೦೯ರಲ್ಲಿ ಅಮೆರಿಕದ ಸೇನಾಕಚೇರಿಯು, ಸ್ತ್ರೀಯರು ಸಿಪಾಯಿಗಳಾಗಿದ್ದರೆಂಬುದಕ್ಕೆ ದಾಖಲೆಯೇ ಇಲ್ಲವೆಂದು ಉತ್ತರವಿತ್ತಿತ್ತು. ಅದು ಸುಳ್ಳೆಂದು ತೋರಿಸಿದುದು ಅದೇ ಕಚೇರಿಯ ಕಡತಗಳು, ಮುಖಲಕ್ಷಣವಲ್ಲ. ಊಹೆಯಿಂದ ಹುಡುಗನೊಬ್ಬನನ್ನು ಹೆಂಗಸೆಂದರೆ ಮಡಿದ ಆ ಬಾಲಕನಿಗೆ ಅನ್ಯಾಯ. ಆ ಊಹೆ ಬಿದ್ದುಹೋದಾಗ, ನಿಜವಾಗಿ ಕಾದಿದ ಸ್ತ್ರೀಯರ ಕಥೆಯನ್ನೂ ಲೋಕವು ಕಟ್ಟುಕಥೆಯೆಂದು ತಳ್ಳಿಬಿಡುವುದು.