ದಿಗ್ಲಾಭ: ನಷ್ಟಪರಿಹಾರದ ಒಂದು ಹಳೆಯ ಅಳತೆ

ಕರಾರು ಮುರಿದವನು ನಷ್ಟ ತುಂಬಿಕೊಡಬೇಕೆಂಬುದು ಎಲ್ಲ ಕಾಲದ ನ್ಯಾಯಸ್ಥಾನಗಳೂ ಒಪ್ಪಿದ ಮಾತು. ಎಷ್ಟು ತುಂಬಿಕೊಡಬೇಕೆಂಬುದೇ ಕಠಿನವಾದ ಪ್ರಶ್ನೆ. ಪರಿಹಾರ ಕಡಿಮೆಯಾದರೆ ಕೊಟ್ಟ ಮಾತಿಗೆ ಬೆಲೆಯಿರದು. ಮಿತಿಮೀರಿದರೆ ವ್ಯಾಪಾರಕ್ಕೆ ಕೈಹಾಕುವವರೇ ಇರರು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನವು ಆಸ್ತಿವಿಭಾಗದ ವಿಚಾರಕ್ಕಾಗಿ ಪ್ರಸಿದ್ಧವಾಗಿದೆ. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ 'ವಿಕ್ರೀಯಾಸಂಪ್ರದಾನ', ಎಂದರೆ ಮಾರಿದ ಸರಕನ್ನು ಒಪ್ಪಿಸದಿರುವುದು, ಎಂಬ ವಿವಾದಪದವೂ ಉಂಟು. ಬೆಲೆ ಪಡೆದೂ ಸರಕನ್ನು ಕೊಡದವನು ಅದನ್ನು 'ಉದಯ'ದೊಡನೆ, ಅಂದರೆ ವೃದ್ಧಿಸಹಿತವಾಗಿ, ಕೊಡಬೇಕು. ಕೊಂಡಾಗ ದುಬಾರಿಯಾಗಿದ್ದ ಸರಕು ಬಳಿಕ ಅಗ್ಗವಾಗಿದ್ದರೆ ಆ ಇಳಿತವನ್ನು ತುಂಬುವಷ್ಟು ಹೆಚ್ಚಿಗೆ ಸೇರಿಸಬೇಕು. ಕೊಂಡವನು ದೂರದೇಶದಿಂದ ಬಂದವನಾದರೆ ಅಳತೆಯೇ ಬೇರೆ: ಸರಕನ್ನು ಅಲ್ಲಿಗೆ ಒಯ್ದು ಮಾರಿದ್ದರೆ ದೊರೆಯುತ್ತಿದ್ದ ಲಾಭವೂ ಅವನಿಗೆ ಸಲ್ಲಬೇಕು. ಇದೇ 'ದಿಗ್ಲಾಭ'. ಕೇಳಿದರೂ ಕೊಡದೆ ಉಳಿಸಿಕೊಂಡ ಸರಕು ರಾಜನಿಂದಲೋ ದೈವದಿಂದಲೋ ಕೆಟ್ಟರೆ ಹಾನಿ ಮಾರಿದವನದು. ಕೊಂಡವನ ತಪ್ಪಿನಿಂದ ಆದ ಹಾನಿ ಕೊಂಡವನದೇ.

ಈಗಿನ ಭಾರತೀಯ ಕಾನೂನಿನ ಅಳತೆ ಬಂದದ್ದು ಬೇರೊಂದು ಮೂಲದಿಂದ. ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದ ಗಿರಣಿಯೊಂದರ ಉಗಿಯಂತ್ರದ ದಂಡ ಮುರಿಯಿತು. ಹೊಸದಕ್ಕೆ ಮಾದರಿಯಾಗಿ ಅದನ್ನು ಗ್ರೀನಿಚ್ಚಿಗೆ ಒಯ್ಯಬೇಕಿದ್ದ ಸಾಗಣೆದಾರರು ತಡಮಾಡಿದರು. ಗಿರಣಿ ಮತ್ತಷ್ಟು ದಿನ ನಿಂತಿತು. ನಿಂತುಹೋದ ಲಾಭವನ್ನು ಗಿರಣಿಯವರು ಕೇಳಿದರು. 'ಹ್ಯಾಡ್ಲಿ–ಬ್ಯಾಕ್ಸೆಂಡೇಲ್' ಎಂದು ಹೆಸರಾದ ಈ ಮೊಕದ್ದಮೆಯಲ್ಲಿ 1854ರಲ್ಲಿ ನ್ಯಾಯಮೂರ್ತಿ ಆಲ್ಡರ್‌ಸನ್ ಎರಡು ಬಗೆಯ ನಷ್ಟಗಳನ್ನು ಮಾತ್ರ ಅಂಗೀಕರಿಸಿದರು: ಕರಾರುಭಂಗದಿಂದ ಸಹಜವಾಗಿ ಉಂಟಾಗುವುದು, ಕರಾರಿನ ವೇಳೆಯಲ್ಲಿಯೇ ಉಭಯರ ಎಣಿಕೆಯಲ್ಲಿ ಇದ್ದಿರಬಹುದಾದುದು. ದಂಡವಿಲ್ಲದೆ ಗಿರಣಿ ನಡೆಯದೆಂಬ ವಿಶೇಷ ಸಂಗತಿಯನ್ನು ಸಾಗಣೆದಾರರಿಗೆ ತಿಳಿಸಿರಲಿಲ್ಲವೆಂದು ಬಗೆದ ನ್ಯಾಯಾಲಯ ಲಾಭದ ಬೇಡಿಕೆಯನ್ನು ಮನ್ನಿಸಲಿಲ್ಲ.

1872ರ ಭಾರತೀಯ ಕರಾರು ಕಾಯಿದೆಯ 73ನೆಯ ಪ್ರಕರಣ ಈ ತತ್ತ್ವವನ್ನೇ ಒಳಗೊಂಡಿದೆ. ಅದರ ಒಂದು ದೃಷ್ಟಾಂತದಲ್ಲಿ ಯಂತ್ರವಿಲ್ಲದೆ ಗಿರಣಿ ನಿಂತಿದೆಯೆಂದು ಸಾಗಣೆದಾರನಿಗೆ ಮೊದಲೇ ಹೇಳಲಾಗಿದೆ. ಆದುದರಿಂದ ತಡವಾದ ದಿನಗಳ ಸರಾಸರಿ ಲಾಭ ಗಿರಣಿಯವನಿಗೆ ಸಲ್ಲುತ್ತದೆ. ಅದೇ ತಡದಿಂದ ಕೈತಪ್ಪಿದ ಸರಕಾರಿ ಗುತ್ತಿಗೆಯ ನಷ್ಟ ಸಲ್ಲದು.

ಸ್ಮೃತಿಯ ನಿಯಮಕ್ಕೂ ಆಂಗ್ಲ ತೀರ್ಪಿಗೂ ವಂಶಸಂಬಂಧವಿಲ್ಲ. ಆದರೂ ಎರಡನ್ನೂ ಜೊತೆಗಿಟ್ಟು ನೋಡಿದಾಗ ಒಂದು ಹೋಲಿಕೆ ಕಾಣುತ್ತದೆ. ದೂರದಿಂದ ಬಂದ ವರ್ತಕನು ಸರಕನ್ನು ಕೊಳ್ಳುವುದು ಅದನ್ನು ಒಯ್ದು ಮಾರುವುದಕ್ಕೇ. ಮಾರುವವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಿರಣಿಯ ದಂಡವಾದರೋ ತನ್ನ ಕಥೆಯನ್ನು ತಾನೇ ಹೇಳಲಾರದು. ಪರನಾಡಿನಲ್ಲಿ ಬಂಧುಬಳಗವಿಲ್ಲದೆ ನಿಂತ ವರ್ತಕನ ಲಾಭವನ್ನೂ ಲೆಕ್ಕಕ್ಕೆ ಹಿಡಿದುದು ಆ ಹಳೆಯ ನಿಯಮದ ಹೆಚ್ಚಳ.